ಚಂದ್ರನ ಮಗ್ಗುಲು

ಸಭೆಯ ಅಧ್ಯಕ್ಷರಾದ ಅನಂತಪದ್ಮನಾಭ ಅವರೇ, ಭಾನುವಾರದ ಮಧ್ಯಾಹ್ನ ಈ ಚರ್ಚಿನ ಸಭಾಂಗಣವನ್ನು ನಮಗೆ ಬಿಟ್ಟುಕೊಟ್ಟ ಫಾದರ್ ಸ್ಯಾಮ್ಯುಯೆಲ್ ಅವರೇ, ಬೋಗಾದಿ ಕೇಳುಗರ ಬಳಗದ ಸಿದ್ದೇಶ್ ಮತ್ತು ಏಂಜೆಲ್, ಮುಂದಿನ ಸಾಲಿನಲ್ಲಿ ಕುಳಿತಿರುವ ಆರೋಗ್ಯಮೇರಿ ಅಕ್ಕನವರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿದ ಮತ್ತು ಸಿಗದ ನನ್ನ ಪ್ರೀತಿಯ ಸಭಿಕರೇ,

ನನಗೆ ಮಾತಾಡಿ ಅಭ್ಯಾಸವಿಲ್ಲ. ಬರೆದುಕೊಂಡು ಬಂದಿದ್ದೇನೆ. ಹಾಳೆಗಳು ಗಾಳಿಗೆ ಹಾರಿದರೆ ಅಂತ ಮೂಲೆಗೆ ಪಿನ್ನು ಹೊಡೆದಿದ್ದೇನೆ. ಪಿನ್ನು ಬಿಟ್ಟುಹೋದರೆ ಅಂತ ಪುಟಕ್ಕೆ ನಂಬರು ಹಾಕಿದ್ದೇನೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿಬಿಟ್ಟರೆ ಎಂಬ ಭಯ ನನಗೆ ಮೂವತ್ತೇಳು ವರ್ಷದಿಂದ ಇದೆ. ಯಾಕೆ ಅಂತ ಹೇಳುವುದಕ್ಕೇ ಇವತ್ತು ಬಂದದ್ದು. ಹೇಳುತ್ತೇನೋ ಇಲ್ಲವೋ ಅಂತ ಬೆಳಿಗ್ಗೆಯಿಂದ ಅದೇ ಯೋಚನೆ. ಎರಡು ಇಡ್ಲಿಯನ್ನೂ ಪೂರ್ತಿ ತಿನ್ನಲಾಗಲಿಲ್ಲ.

ನೀವು ನನಗೆ ಪೇಟ ತೊಡಿಸಿದ್ದೀರಿ. ಅದು ಸ್ವಲ್ಪ ಸಡಿಲವಾಗಿದೆ, ತಲೆ ಬಗ್ಗಿಸಿದರೆ ಮೈಕಿನ ಮೇಲೆ ಬೀಳಬಹುದು, ಹಾಗಾಗಿ ನಾನು ಜಂಬದಿಂದ ತಲೆ ಎತ್ತಿಕೊಂಡಿದ್ದೇನೆ ಅಂತ ಯಾರೂ ತಿಳಿಯಬಾರದು. ಶಾಲು ಹೊದಿಸಿದ್ದೀರಿ. ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ‘ಮೈಸೂರಿಗೆ ಕೇಳುವುದನ್ನು ಕಲಿಸಿದ ಸೆಬಾಸ್ಟಿಯನ್’ ಅಂತ ಹಿಂದಿನ ಬ್ಯಾನರಿನಲ್ಲಿ ಬರೆಸಿದ್ದೀರಿ. ಆ ಬ್ಯಾನರಿಗೆ ಬೆನ್ನು ಹಾಕಿ ನಿಂತಿರುವುದೇ ಒಳ್ಳೆಯದಾಯಿತು. ಎದುರಿಗಿದ್ದಿದ್ದರೆ ನನಗೆ ಮಾತು ಹೊರಡುತ್ತಿರಲಿಲ್ಲ.

ನಾನು ನಜರ್‌ಬಾದಿನಲ್ಲಿ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವವನು. ಅಪ್ಪನಿಗೆ ಕೆಲಸವಿದ್ದ ವರ್ಷ ನಾನು ಶಾಲೆಯಲ್ಲಿರುತ್ತಿದ್ದೆ, ಕೆಲಸವಿಲ್ಲದ ವರ್ಷ ಸಣ್ಣಯ್ಯನವರ ರೇಡಿಯೋ ಅಂಗಡಿಯಲ್ಲಿರುತ್ತಿದ್ದೆ. ಎರಡನೇ ಕ್ಲಾಸು ಎರಡು ಸಲ ಆಯಿತು. ನಾಲ್ಕು ಅರ್ಧ ಆಯಿತು. ಐದು ಆಗಲೇ ಇಲ್ಲ. ಮೇಷ್ಟರು ದಯೆ ತೋರಿ ಆರಕ್ಕೆ ಕೂರಿಸಿದರು, ಏಳರಲ್ಲಿ ಕಳಚಿಕೊಂಡೆ. ಆ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. ಐದನೇ ಕ್ಲಾಸಿನಲ್ಲಿ ನಾನಿರಲಿಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಏಂಜೆಲ್ ನನ್ನನ್ನು ಕೇಳಿದ್ದು, ನಿಮಗಿಷ್ಟವಾದ ಪ್ರೊಗ್ರೆಸಿವ್ ರಾಕ್ ಆಲ್ಬಮ್ಮುಗಳ ಬಗ್ಗೆ ಮಾತಾಡಿ ಅಂತ. ಆ ಸಂಗೀತಕ್ಕೆ ಹಾಗೊಂದು ಹೆಸರಿದೆ ಅಂತ ನನಗೆ ತಿಳಿದದ್ದೇ ಅರವತ್ತರ ಮೇಲೆ. ನಾವು ಅದನ್ನು ‘ಉದ್ದದ್ದು’ ಅನ್ನುತ್ತಿದ್ದೆವು. ‘ಸೆಬಾಸ್ಟಿಯನ್, ಒಂದು ಉದ್ದದ್ದು ಹಾಕಪ್ಪ’ ಅಂದರೆ ಮುಗಿಯಿತು. ಇಪ್ಪತ್ತು ನಿಮಿಷ, ಇಪ್ಪತ್ತೆರಡು ನಿಮಿಷ, ಒಂದೇ ಹಾಡು. ಅದರೊಳಗೆ ಮಳೆ ಬರುತ್ತದೆ, ನಿಲ್ಲುತ್ತದೆ, ಯಾರೋ ಮೆಟ್ಟಿಲು ಹತ್ತುತ್ತಾರೆ, ಆರ್ಗನ್ ಒಂದು ದೊಡ್ಡ ಬಾಗಿಲ ಹಾಗೆ ತೆರೆದುಕೊಳ್ಳುತ್ತದೆ, ಆಮೇಲೆ ತುಂಬ ಹೊತ್ತು ಏನೂ ಆಗುವುದಿಲ್ಲ. ಆ ಏನೂ ಆಗದ ಹೊತ್ತು ಇದೆಯಲ್ಲ, ನನಗೆ ಅದೇ ಇಷ್ಟ. ನನ್ನ ತಲೆಯಲ್ಲಿ ಯಾವಾಗಲೂ ಏನಾದರೊಂದು ಆಗುತ್ತಲೇ ಇರುತ್ತದೆ. ಗ್ಯಾಸ್ ಆರಿಸಿದೆನೋ, ಬೀಗ ಹಾಕಿದೆನೋ ಅಂತ. ಆ ಹೊತ್ತಿನಲ್ಲಿ ಮಾತ್ರ ಎಲ್ಲ ಬೀಗಗಳೂ ಹಾಕಿವೆ ಅನ್ನಿಸುತ್ತದೆ.

ಹೆಸರು ಓದಲು ಬಾರದಿದ್ದರಿಂದ ರೆಕಾರ್ಡ್ ತಟ್ಟೆಗಳನ್ನು ನಾನು ರಟ್ಟಿನ ಹೊದಿಕೆಯ ಚಿತ್ರದಿಂದ ಗುರುತು ಹಿಡಿಯುತ್ತಿದ್ದೆ. ಕುರ್ಚಿಯಲ್ಲಿ ಮೀನು ಕೂತಿದ್ದದ್ದು ಒಂದು. ಸಮುದ್ರದಲ್ಲಿ ಏಣಿ ನಿಲ್ಲಿಸಿದ್ದದ್ದು ಇನ್ನೊಂದು. ಗಿರಾಕಿಗಳೂ ಹಾಗೇ ಕೇಳತೊಡಗಿದರು, ‘ಆ ಮೀನು ಕೊಡಿ’ ಅಂತ. ಒಂದು ಸಲ ಹೊಸಬರೊಬ್ಬರು, ‘ಇದು ರಿಪೇರಿ ಅಂಗಡಿಯೋ ಮಾರ್ಕೆಟ್ಟೋ’ ಅಂದಿದ್ದರು. ಮೂರನೆಯದು ಸೂರ್ಯ ಚಂದ್ರ. ಕಡಲ ದೀಪಸ್ತಂಭದ ಒಬ್ಬ ಕಾವಲುಗಾರ, ಅವನ ಒಂದು ದಿನ, ಅಷ್ಟೇ ಕಥೆ. ತಟ್ಟೆಯ ನಡುವಿನ ಕಾಗದದಲ್ಲಿ ಒಂದು ಮಗ್ಗುಲಿಗೆ ಸೂರ್ಯ, ಇನ್ನೊಂದು ಮಗ್ಗುಲಿಗೆ ಚಂದ್ರ. ಒಂದು, ಎರಡು ಅಂತ ಅಂಕಿ ಇರಲಿಲ್ಲ. ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು.

ಆ ತಟ್ಟೆ ನನ್ನದಲ್ಲ. ಅದು ಡೇವಿಡ್ ಅವರದು. ಇಲ್ಲಿ ಕೂತಿರುವ ಆರೋಗ್ಯಮೇರಿ ಅಕ್ಕನವರ ಯಜಮಾನರು, ನಮ್ಮ ಏಂಜೆಲ್‌ಳ ತಾತ. ಎರಡು ವರ್ಷದ ಹಿಂದೆ ತೀರಿಕೊಂಡರು. ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಕೆಲಸ, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ. ಅಕ್ಷರ ತಲೆಕೆಳಗಾಗಿದ್ದರೂ, ಕನ್ನಡಿಯಲ್ಲಿ ತಿರುಗಿದ್ದರೂ ಓದುವ ಮನುಷ್ಯ. ಬನ್ನಿಮಂಟಪದ ಮನೆಯಲ್ಲಿ ಪ್ಲೇಯರ್ ಕೆಟ್ಟಾಗ ಆ ತಟ್ಟೆಯನ್ನು ನನ್ನ ಅಂಗಡಿಯಲ್ಲಿಟ್ಟು, ‘ನಿನ್ನ ಹತ್ರ ಇರ್ಲಿ ಕಣೋ, ಜನ ಕೇಳ್ಲಿ. ನಂಗೊಂದು ಕ್ಯಾಸೆಟ್ ಮಾಡ್ಕೊಡು ಸಾಕು’ ಅಂದರು.

ಮಾಡಿಕೊಟ್ಟೆ. ಅವರೊಬ್ಬರಿಗಲ್ಲ, ಊರಿಗೇ ಮಾಡಿಕೊಟ್ಟೆ. ತಟ್ಟೆ ಸವೆಯುತ್ತದೆ ಅಂತ ಒಂದೇ ಸಲ ಹಾಕಿ, ಮೊದಲ ಕ್ಯಾಸೆಟ್ಟಿನಿಂದಲೇ ಉಳಿದವನ್ನೆಲ್ಲ ತೆಗೆಯುತ್ತಿದ್ದೆ. ಆ ಮೊದಲ ಕ್ಯಾಸೆಟ್ಟು ಮಾಡುವಾಗ ತಟ್ಟೆ ಕೈಯಲ್ಲಿ ಹಿಡಿದು ಯೋಚಿಸಿದೆ. ಮೊದಲು ಯಾವ ಮಗ್ಗುಲು? ಸೂರ್ಯ ಹುಟ್ಟಿದ ಮೇಲಲ್ಲವೇ ದಿನ ಶುರುವಾಗುವುದು? ಅಷ್ಟು ಸುಲಭ ಅನ್ನಿಸಿತು. ಸೂರ್ಯ ಮೊದಲು ಹಾಕಿದೆ, ಚಂದ್ರ ಆಮೇಲೆ.

ಈಗ ಇವತ್ತಿನ ವಿಷಯಕ್ಕೆ ಬರುತ್ತೇನೆ. ಆಮಂತ್ರಣದಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ಒಂದೇ ತಟ್ಟೆ, ಅಪ್ಪಂದಿರಿಗೆ ಅಳು, ಮಕ್ಕಳಿಗೆ ಗೆಲುವು, ಯಾಕೆ? ಅದು ನಿಜ. ನಜರ್‌ಬಾದಿನಲ್ಲಿ ನನ್ನ ವಯಸ್ಸಿನವರಿಗೆ ಸೂರ್ಯ ಚಂದ್ರ ಅಂದರೆ ಕಣ್ಣು ತುಂಬುತ್ತದೆ. ಕೆಲಸ ಸಿಗದವನು, ಹುಡುಗಿ ಒಲ್ಲೆ ಅಂದವನು, ಎಲ್ಲರೂ ಅದನ್ನು ಕೇಳಿಕೊಂಡು ತಾರಸಿಯ ಮೇಲೆ ಮಲಗಿದ್ದವರೇ. ನಮ್ಮ ಬೀದಿಯ ಲಿಂಗಯ್ಯನವರು ತಮ್ಮ ತಾಯಿ ತೀರಿಕೊಂಡ ವಾರ ಅದನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ಬೆಳಗಿನ ನೀರಿನ ಶಬ್ದದಿಂದ ಶುರುವಾಗಿ, ಎಲ್ಲ ಕತ್ತಲಾಗಿ, ಕೊನೆಗೆ ದೂರದಲ್ಲಿ ಒಂದೇ ಒಂದು ಹುಡುಗಿಯ ದನಿ ಉಳಿದು ಮುಗಿಯುತ್ತದೆ. ಯಾರಿಗೆ ತಾನೇ ಅಳು ಬರುವುದಿಲ್ಲ?

ಆದರೆ ಸಿದ್ದೇಶ್ ಹಳೆಯ ಪ್ಲೇಯರ್ ತೆಗೆದುಕೊಂಡು ಅಂಗಡಿಗೆ ಬಂದವನು ಏನಂದ? ‘ಅಂಕಲ್, ಅಪ್ಪ ಇದನ್ನ ಅಳಿಸೋ ತಟ್ಟೆ ಅಂತಾರೆ. ನಾನು ಫೋನಲ್ಲಿ ಕೇಳ್ಕೊಂಡೇ ಬೋಗಾದಿಯಿಂದ ಬಸ್ಸಲ್ಲಿ ಕೆಲಸಕ್ಕೆ ಬರೋದು. ಹತ್ತುವಾಗ ಒಂದು ಮಗ್ಗುಲು, ಇಳಿದು ಸೈಟಿಗೆ ನಡೆಯುವಾಗ ಇನ್ನೊಂದು. ಇಡೀ ದಿನ ವೈರ್ ಎಳೀಬೇಕು ಅನ್ನೋದೇ ಮರ್ತೋಗುತ್ತೆ. ಮುಖ ತೊಳ್ಕೊಂಡಂಗೆ ಇರುತ್ತೆ.’ ಏಂಜೆಲ್ ನಕ್ಕು, ‘ಅವ್ರಪ್ಪ ಒಂದು ತಟ್ಟೆ ಕೇಳವ್ರೆ, ಇವ್ನು ಇನ್ನೊಂದು’ ಅಂದಳು.

ನಮ್ಮ ಅಧ್ಯಕ್ಷರು ಈಗ ತಾನೇ ನಲವತ್ತು ನಿಮಿಷ ಇದಕ್ಕೆ ಕಾರಣ ವಿವರಿಸಿದರು. ಅಂದಿನ ನಿರುದ್ಯೋಗ, ಆ ಪೀಳಿಗೆಯ ಭ್ರಮನಿರಸನ, ಇಂದಿನವರ ಬದುಕಿನ ವೇಗ. ಬಹಳ ಚೆನ್ನಾಗಿತ್ತು. ನಾನೂ ಚಪ್ಪಾಳೆ ತಟ್ಟಿದೆ. ಸರ್, ತಾವು ಕ್ಷಮಿಸಬೇಕು. ಕಾರಣ ಅದಲ್ಲ. ಕಾರಣ ನಾನು.

ಆ ತಟ್ಟೆ ಶುರುವಾಗುವುದು ಚಂದ್ರನ ಮಗ್ಗುಲಿನಿಂದ. ಕತ್ತಲಲ್ಲಿ ಗಂಟೆ ಬಾರಿಸುತ್ತದೆ, ಕಾವಲುಗಾರ ರಾತ್ರಿಯ ಪಾಳಿಗೆ ಮೇಲೆ ಹತ್ತುತ್ತಾನೆ. ಸೂರ್ಯನ ಮಗ್ಗುಲಿನಲ್ಲಿ ಬೆಳಗಾಗುತ್ತದೆ, ನೀರಿನ ಮೇಲೆ ಬಿಸಿಲು ಬೀಳುತ್ತದೆ, ಅವನು ದೀಪ ಆರಿಸಿ ಇಳಿದು ಮನೆಗೆ ಹೋಗುತ್ತಾನೆ. ಅದು ಬೆಳಗಾಗುವ ತಟ್ಟೆ. ಮೈಸೂರಿನ ಒಂದು ಇಡೀ ತಲೆಮಾರಿಗೆ ನಾನು ಅದನ್ನು ಕತ್ತಲಾಗುವ ತಟ್ಟೆ ಮಾಡಿ ಕೊಟ್ಟೆ. ಮಕ್ಕಳ ಫೋನಿನಲ್ಲಿ ಅದು ಸರಿಯಾದ ಕ್ರಮದಲ್ಲೇ ಬರುತ್ತದೆ.

ನೀವು ನಗುತ್ತಿದ್ದೀರಿ. ನಗಬೇಕಾದದ್ದೇ. ಇಷ್ಟೇ ಆಗಿದ್ದರೆ ನಾನೂ ನಕ್ಕು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗುತ್ತಿದ್ದೆ.

ಮೂವತ್ತೇಳು ವರ್ಷದ ಹಿಂದೆ, ದಸರೆಯ ಮುಂಚೆ, ಒಂದು ಸಂಜೆ. ನನ್ನ ಅಂಗಡಿಯಿಂದ ಹತ್ತು ಹೆಜ್ಜೆಗೆ ಚನ್ನಬಸವಯ್ಯನವರ ಟೀ ಅಂಗಡಿ. ನಾವು ಏಳೆಂಟು ಜನ. ಡೇವಿಡ್ ಸೂರ್ಯ ಚಂದ್ರದ ಬಗ್ಗೆ ಹೇಳುತ್ತಾ, ‘ಆ ಮೊದಲ್ನೇ ಗಂಟೆ ಬೀಳುತ್ತಲ್ಲ’ ಅಂದರು. ಲಿಂಗಯ್ಯ ತಡೆದರು. ‘ಮೊದಲ್ನೇದು ನೀರು ಡೇವಿಡಣ್ಣ. ಗಂಟೆ ಆ ಕಡೇದ್ರಲ್ಲಿ ಬರೋದು.’ ‘ಇಲ್ಲ ಕಣಪ್ಪ, ಗಂಟೆನೇ ಮೊದಲು’ ಅಂದರು ಡೇವಿಡ್. ಇನ್ನೊಬ್ಬರು, ‘ನಿಮ್ ತಟ್ಟೇನೇ ನಿಮ್ಗೊತ್ತಿಲ್ವಲ್ಲ ಬುಡಿ. ಪ್ರೆಸ್ಸಲ್ಲೂ ಇಂಗೇ ಕೊನೇ ಪುಟ ಮೊದ್ಲು ಅಚ್ಚಾಕ್ತೀರಾ?’ ಅಂದರು. ಎಲ್ಲರೂ ನಕ್ಕರು. ಏಳೆಂಟು ಜನರ ಮನೆಯಲ್ಲೂ ನಾನು ಮಾಡಿಕೊಟ್ಟ ಕ್ಯಾಸೆಟ್ಟೇ ಇತ್ತಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ‘ಸೆಬಾಸ್ಟಿಯನ್, ನೀನೇ ಹೇಳಪ್ಪ. ಇದ್ರಲ್ಲಿ ನೀನೇ ಜಡ್ಜು.’

ನಾನು ಅಂದೆ, ‘ಸೂರ್ಯ ಮೊದಲು.’

ಡೇವಿಡ್ ಕೇಳಿದರು, ಜೋರಾಗಿ ಅಲ್ಲ, ‘ಅಂಚಲ್ಲಿ ಬರ್ದಿದೆಯಲ್ಲೋ. ಓದಿಲ್ವಾ?’

ನಾನು ಹೇಳಿದೆ, ‘ಓದಿದೀನಿ. ಹಾಗೇ ಬರ್ದಿದೆ.’

ಡೇವಿಡ್ ನನ್ನ ಮುಖ ನೋಡಿದರು. ಎಷ್ಟು ಹೊತ್ತು ಅಂತ ಹೇಳಲಾರೆ. ಉದ್ದದ ಹಾಡಿನಲ್ಲಿ ಏನೂ ಆಗದ ಹೊತ್ತು ಬರುತ್ತದೆ ಅಂದೆನಲ್ಲ, ಅಂಥದ್ದು. ಆಮೇಲೆ, ‘ಹಾಗಾದ್ರೆ ನಂದೇ ತಪ್ಪಿರ್ಬೇಕು’ ಅಂತ ಅರ್ಧ ಲೋಟ ಟೀ ಬಿಟ್ಟು ಎದ್ದು ಹೋದರು. ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಚರ್ಚಿನಲ್ಲಿ ಸಿಕ್ಕರೆ ಚೆನ್ನಾಗಿದೀಯಾ ಅನ್ನುತ್ತಿದ್ದರು. ಅಷ್ಟೇ.

ಅವತ್ತೇ ಅಂಗಡಿ ಮುಚ್ಚುವ ಮುಂಚೆ ತಟ್ಟೆಯನ್ನು ಔಷಧಿ ಅಂಗಡಿಯ ರಾಮಯ್ಯನವರ ಹತ್ತಿರ ಹಿಡಿದುಕೊಂಡು ಹೋಗಿ, ಕನ್ನಡಕ ಮರೆತೆ ಅಂತ ಸುಳ್ಳು ಹೇಳಿ ಓದಿಸಿದೆ. ಚಂದ್ರನ ಮಗ್ಗುಲು ಮೊದಲನೆಯದು, ಸೂರ್ಯನದು ಎರಡನೆಯದು. ಅವರು ಓದಿ ಹೇಳಿ, ‘ಇದ್ರಲ್ಲೇನ್ರೀ ಅಂಥ ವಿಷ್ಯ’ ಅಂದರು.

ಮಾರನೆಯ ದಿನವೇ ಬನ್ನಿಮಂಟಪಕ್ಕೆ ಹೋಗಬೇಕಿತ್ತು. ಹೊರಟೆ ಕೂಡ. ಪಂಜಿನ ಕವಾಯತಿನ ಅಭ್ಯಾಸ ನಡೆಯುತ್ತಿತ್ತು, ಪೊಲೀಸರು ರಸ್ತೆ ತಡೆದಿದ್ದರು. ಅದೇ ನೆಪ ಸಾಕಾಯಿತು, ಸೈಕಲ್ ತಿರುಗಿಸಿದೆ. ದಸರೆ ಮುಗಿಯಲಿ ಅಂದುಕೊಂಡೆ. ಮೂವತ್ತೇಳು ದಸರೆ ಮುಗಿಯಿತು. ಅದಾದ ಮೇಲೂ ಕ್ಯಾಸೆಟ್ ಮಾಡಿಕೊಟ್ಟೆ, ಸೂರ್ಯನನ್ನೇ ಮೊದಲು ಹಾಕಿ, ಗೊತ್ತಿದ್ದೂ. ಕ್ರಮ ಬದಲಿಸಿದರೆ ಯಾಕೆ ಅಂತ ಕೇಳುತ್ತಾರಲ್ಲ. ಇಂಗ್ಲಿಷ್ ಓದಲು ಬಾರದವನು ಅಂತ ಗೊತ್ತಾದರೆ ಪ್ಲೇಯರ್ ಬಿಚ್ಚಲು ಕೊಡುತ್ತಾರೆಯೇ? ಹೀಗೆಲ್ಲ ಹೆದರಿದೆ. ಡೇವಿಡ್ ಅವರ ಮಣ್ಣಿಗೂ ಹೋಗಿದ್ದೆ. ಕೊನೆಯ ಸಾಲಿನಲ್ಲಿ ನಿಂತು ಬಂದೆ.

ಇನ್ನು ಹೇಳುವುದು ನನ್ನ ಹಾಳೆಯಲ್ಲಿಲ್ಲ. ಇವತ್ತು ಇಲ್ಲಿಗೆ ಬರುವಾಗ ಗೇಟಿನಲ್ಲಿ ಆರೋಗ್ಯಮೇರಿ ಅಕ್ಕ ಸಿಕ್ಕರು. ಅಕ್ಕ, ನೀವು ಏನೋ ಮಾತಿಗೆ ಅಂತ ಹೇಳಿದಿರಿ. ನನಗೆ ಅದು ಬರೀ ಮಾತಾಗಿ ಕೇಳಲಿಲ್ಲ. ಇವರಿಗೂ ಹೇಳುತ್ತೇನೆ, ಅಪ್ಪಣೆ ಇರಲಿ. ‘ನಿಮ್ ಕ್ಯಾಸೆಟ್ಟು ಅವ್ರು ಕೊನೇವರ್ಗೂ ಕೇಳೋರು ಕಣ್ರೀ ಸೆಬಾಸ್ಟಿಯನ್. ಒಂದ್ ವಿಚಿತ್ರ ಅಂದ್ರೆ, ಯಾವಾಗ್ಲೂ ಉಲ್ಟಾ ಹಾಕೋರು. ಮೊದ್ಲು ಎರಡ್ನೇ ಸೈಡು, ಆಮೇಲೆ ತಿರುಗ್ಸಿ ಮೊದಲ್ನೇದು. ಯಾಕ್ರೀ ಇಂಗೆ ಅಂದ್ರೆ, ನಗೋರು. ಸೆಬಾಸ್ಟಿಯನ್ ಮಾಡಿರೋದು ಸರಿಯಾಗೇ ಐತೆ, ನನ್ ಕಿವಿನೇ ಉಲ್ಟಾ ಅನ್ನೋರು.’

ಸಭಿಕರೇ, ಅವತ್ತು ಟೀ ಅಂಗಡಿಯಿಂದ ನನ್ನ ಅಂಗಡಿಗೆ ಹತ್ತೇ ಹೆಜ್ಜೆ. ತಟ್ಟೆ ಅವರದೇ. ‘ತಗೊಂಡ್ ಬಾ, ಓದಿ ತೋರಿಸ್ತೀನಿ’ ಅಂದಿದ್ದರೆ ಒಂದು ನಿಮಿಷದಲ್ಲಿ ಗೆದ್ದುಬಿಡುತ್ತಿದ್ದರು. ಯಾಕೆ ಅನ್ನಲಿಲ್ಲ? ಅವಮಾನ ಆಯಿತು ಅಂತ, ನನ್ನ ಮೇಲೆ ಕೋಪ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಇವತ್ತು ಮೂರೂವರೆ ಗಂಟೆಗೆ, ಆ ಗೇಟಿನಲ್ಲಿ, ತಿಳಿಯಿತು. ನನ್ನ ಮುಖ ನೋಡಿದರಲ್ಲ, ಆವಾಗಲೇ ಅವರು ಓದಿಬಿಟ್ಟಿದ್ದರು. ತಲೆಕೆಳಗಾದ ಅಕ್ಷರ ಓದುವವರಿಗೆ ಅದೇನು ಕಷ್ಟ? ಐದನೇ ಕ್ಲಾಸಿನಲ್ಲಿ ನಾನಿರಲಿಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಏಳೆಂಟು ಜನರ ಎದುರಿಗೆ ತಾವು ನಗೆಪಾಟಲಾಗಿ ನನ್ನನ್ನು ಉಳಿಸಿದರು. ಹೆಂಡತಿಗೂ ಹೇಳಲಿಲ್ಲ. ಮನೆಯಲ್ಲಿ ಒಬ್ಬರೇ ಕ್ಯಾಸೆಟ್ ತಿರುಗಿಸಿ ತಿರುಗಿಸಿ ರಾತ್ರಿಯನ್ನು ಮೊದಲು ಇಟ್ಟುಕೊಂಡರು.

ನೀರು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಮಗು. ಪೇಟ ತೆಗೆದಿಡುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇದು ನನ್ನ ತಲೆಯ ಅಳತೆಯದಲ್ಲ.

ಅಕ್ಕ, ತಟ್ಟೆ ತಂದಿದ್ದೇನೆ. ಒಂದು ಗೀರೂ ಬಿದ್ದಿಲ್ಲ. ಆ ಸಂಜೆಯಿಂದ ವರ್ಷಕ್ಕೊಂದು ಸಲ ಒರೆಸಿ ಇಟ್ಟದ್ದು ಬಿಟ್ಟರೆ ಹಾಕಿಲ್ಲ, ಹಾಕುವ ಧೈರ್ಯ ಇರಲಿಲ್ಲ. ಇದು ನಿಮ್ಮ ಮನೆಯದು. ನಿಮ್ಮ ಕೈಗೆ ಕೊಡುವ ಮುಂಚೆ ಈ ಜನರ ಎದುರಿಗೆ ಒಂದು ಸಲ ಸರಿಯಾಗಿ ಹಾಕಲೇ? ಅಂದು ನಕ್ಕವರಲ್ಲಿ ಲಿಂಗಯ್ಯನವರು ಅಲ್ಲಿ ಕಿಟಕಿಯ ಹತ್ತಿರ ಇದ್ದಾರೆ. ಅವರೂ ಕೇಳಲಿ.

ಅಕ್ಕ ಹೂಂ ಅಂತ ತಲೆ ಆಡಿಸಿದರು. ಸಾಕು.

ಸಿದ್ದೇಶ್, ಆ ಪ್ಲಗ್ ಸಡಿಲ ಇದೆ, ಸ್ವಲ್ಪ ಒತ್ತಿ ಹಿಡಿ. ಕರೆಂಟು ಹೋಗದಿರಲಿ.

ಅಧ್ಯಕ್ಷರಿಗೆ, ಅವರ ಕಾರಣಗಳನ್ನು ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳಿ ವಂದಿಸುತ್ತೇನೆ. ಫಾದರ್‌ಗೆ, ಬಳಗದ ಮಕ್ಕಳಿಗೆ, ಕಾಫಿ ಮಾಡಿದವರಿಗೆ, ಕುರ್ಚಿ ಹಾಕಿದವರಿಗೆ ವಂದನೆಗಳು. ಹಣ್ಣಿನ ಬುಟ್ಟಿಯನ್ನು ಏಂಜೆಲ್ ಮನೆಗೆ ತೆಗೆದುಕೊಂಡು ಹೋಗಲಿ. ನನ್ನ ವಯಸ್ಸಿನವರಿಗೆ ಒಂದು ಮಾತು. ಮೊದಲು ಗಂಟೆ ಕೇಳಿಸುತ್ತದೆ, ಆಮೇಲೆ ಪೂರ್ತಿ ರಾತ್ರಿ. ಇಪ್ಪತ್ತೆರಡು ನಿಮಿಷವಾದ ಮೇಲೆ ನಿಮಗೆ ಗೊತ್ತಿರುವ ಆ ಹುಡುಗಿಯ ದನಿ ಬರುತ್ತದೆ, ಅಭ್ಯಾಸದಿಂದ ಕಣ್ಣು ಒರೆಸಿಕೊಂಡು ಎದ್ದುಬಿಡುತ್ತೀರಿ. ಏಳಬೇಡಿ. ನಾನು ತಟ್ಟೆ ತಿರುಗಿಸುವವರೆಗೆ ಕೂತಿರಿ. ಬೆಳಗು ಆ ಮಗ್ಗುಲಿನಲ್ಲಿದೆ.

ನಮಸ್ಕಾರ.