ಮಂತ್ರಿಗಳಿಗಾಗಿ ಹಾಕಿದ ಬೀಗ

ಒಂದು ಊರಿನ ಪುರಸಭೆಗೆ ಒಬ್ಬರು ಅಧ್ಯಕ್ಷರಿದ್ದರು. ಹೆಸರು ಬೇಡ, ಹೇಳಿದರೆ ಅವರು ಯಾರ ಕಡೆಯವರು ಎಂದು ನೀವು ಹುಡುಕಲು ಹೊರಡುತ್ತೀರಿ. ಒಳ್ಳೆಯ ಮನುಷ್ಯ, ಅಷ್ಟು ಸಾಕು. ಯಾರ ಮನೆ ಮುಂದೆ ಚರಂಡಿ ಕಟ್ಟಿಕೊಂಡರೂ ಇವರಿಗೆ ಊಟ ಸೇರುತ್ತಿರಲಿಲ್ಲ. ಊರಿನ ಮೇಲೆ ಅಂಥ ಪ್ರೀತಿ.

ಆ ವರ್ಷ ಅವರು ಮಾಡಿದ ಕೆಲಸ ಕಡಿಮೆಯೇನಲ್ಲ. ಕೋಟೆ ಬೀದಿಯ ಚರಂಡಿಗೆ ಚಪ್ಪಡಿ ಹಾಕಿಸಿದರು. ಸಂತೆ ಮೈದಾನಕ್ಕೆ ನೆರಳು ಮಾಡಿಸಿದರು. ಕೆರೆ ಏರಿಗೆ ದೀಪ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಬಸ್ ನಿಲ್ದಾಣದಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯ ಕಟ್ಟಿಸಿದರು. ಬಿಳಿ ಟೈಲ್ಸು, ಗೋಡೆಗೆ ಕನ್ನಡಿ, ನಲ್ಲಿ ತಿರುಗಿಸಿದರೆ ನೀರು. ಕಟ್ಟಿ ಮುಗಿದದ್ದು ದೀಪಾವಳಿಗೆ. ಯುಗಾದಿ ಹತ್ತಿರ ಬಂದರೂ ಬಾಗಿಲಿಗೆ ಬೀಗ. ಯಾಕೆ? ಮಂತ್ರಿಗಳು ಬಂದು ಟೇಪು ಕತ್ತರಿಸಬೇಕಿತ್ತು, ಮಂತ್ರಿಗಳಿಗೆ ಪುರುಸೊತ್ತಿರಲಿಲ್ಲ. ನೋಡಿ, ನಮ್ಮಲ್ಲಿ ಗಾರೆ ಒಣಗಿದರೆ ಸಾಲದು, ಟೇಪು ತುಂಡಾಗಬೇಕು. ಅಲ್ಲಿಯವರೆಗೆ ಅದು ಕಟ್ಟಡವೇ ಅಲ್ಲ.

ವರ್ಷದ ಕೊನೆಗೆ ಬಸ್ ನಿಲ್ದಾಣದಲ್ಲೇ ಶಾಮಿಯಾನ ಹಾಕಿ ಸಾಧನೆಗಳ ಸಭೆ ಮಾಡಿದರು. ಅಧ್ಯಕ್ಷರು ಒಂದೊಂದೇ ಕೆಲಸದ ಹೆಸರು ಓದಿದರು, ಜನ ಚಪ್ಪಾಳೆ ತಟ್ಟಿದರು. ಶೌಚಾಲಯದ ಸರದಿ ಬಂದಾಗ ಅದರ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಎಲ್ಲರಿಗೂ ಮಜ್ಜಿಗೆ. ಬಿಸಿಲು ಸುಡುತ್ತಿತ್ತು. ಹೂವಿನ ಸಾಕಮ್ಮ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅಧ್ಯಕ್ಷರ ಮದುವೆಗೆ ಹಾರ ಕಟ್ಟಿದವಳು. ಅವಳಿಗೆ ತಾವೇ ಲೋಟ ತೆಗೆದುಕೊಂಡು ಹೋದರು.

“ಬ್ಯಾಡ ಸ್ವಾಮಿ,” ಅಂದಳು.

“ಯಾಕಮ್ಮ, ತುಟಿ ಒಣಗೋಗಿದೆ ನಿಂದು.”

“ಸಂಜೆ ಮನೆಗ್ ಹೋಗೋಗಂಟ ನಾನು ಏನೂ ಕುಡಿಯಾಕಿಲ್ಲ. ಕುಡುದ್ರೆ ಎಲ್ಲಿಗ್ ಹೋಗ್ಲಿ? ಮೊನ್ನೆ ಉರಿಮೂತ್ರ ಆಗಿ ಆಸ್ಪತ್ರೆಗೆ ಹೋಗಿದ್ದೆ. ಚೆನ್ನಾಗಿ ನೀರ್ ಕುಡಿ ಅಂದ್ರು ಡಾಕ್ಟ್ರು. ಅವರ್ಗೇನು, ಹೇಳ್ತಾರೆ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಧ್ಯಕ್ಷರು ತಲೆ ಎತ್ತಿ ನೋಡಿದರು. ಅವಳು ಬೆನ್ನು ಕೊಟ್ಟು ಕೂತಿದ್ದದ್ದು ಅದೇ ಶೌಚಾಲಯದ ಗೋಡೆಗೆ. ಅವರಿಗೆ ನಾಚಿಕೆಯಾಯಿತು. ತಾವು ಇದನ್ನು ಕಟ್ಟಿಸಿದ್ದು ಯಾರಿಗೆ ಎಂದು ತಮ್ಮನ್ನೇ ಕೇಳಿಕೊಂಡರು.

“ಬೀಗದ ಕೈ ಕೊಡಿ,” ಅಂದರು ಪುರಸಭೆಯ ಇಂಜಿನಿಯರರಿಗೆ.

ಇಂಜಿನಿಯರರು ಹತ್ತಿರ ಬಂದು ಪಿಸುಗುಟ್ಟಿದರು. “ಬೇಡ ಸಾರ್. ಮಂತ್ರಿ ಸಾಹೇಬ್ರು ಬೇಜಾರು ಮಾಡ್ಕೋತಾರೆ. ಮುಂದಿನ ವರ್ಷ ಮೇನ್ ರೋಡಿನ ಅನುದಾನ ಅವ್ರ ಕೈಲೇ ಇರೋದು.”

ಮೇನ್ ರೋಡ್ ಎಂದರೆ ಅಧ್ಯಕ್ಷರಿಗೆ ಜೀವ. ಅದೊಂದು ಆದರೆ ಕಣ್ಣು ಮುಚ್ಚಬಹುದು ಎಂದುಕೊಂಡಿದ್ದವರು. ಆದರೂ ಕೈ ಚಾಚಿ ಬೀಗದ ಕೈ ತೆಗೆದುಕೊಂಡರು. ಆಮೇಲೆ ಬೀಗ ತೆಗೆದರು. ಬಾಗಿಲಿಗೆ ಅಡ್ಡ ಕಟ್ಟಿದ್ದ ಟೇಪು ಕತ್ತರಿಸಲು ಕತ್ತರಿ ಇರಲಿಲ್ಲ, ಸಾಕಮ್ಮ ಹೂವಿನ ದಾರ ಕಡಿಯುವ ಹಾಗೆ ಹಲ್ಲಿನಿಂದಲೇ ಕಡಿದು ಒಳಗೆ ಹೋದಳು. ಹೊರಗೆ ಬಂದು ಮಜ್ಜಿಗೆ ಕೇಳಿ ಇಸಿದುಕೊಂಡು ಗಟಗಟ ಕುಡಿದಳು. ಇನ್ನೊಂದು ಲೋಟವನ್ನೂ ಕುಡಿದಳು.

ಮಂತ್ರಿಗಳಿಗೆ ಕೋಪ ಬಂದದ್ದು ನಿಜ. ಮೇನ್ ರೋಡ್ ಆಗಲಿಲ್ಲ. ಜನ ಗುಂಡಿಯಲ್ಲಿ ಎದ್ದು ಬಿದ್ದು ಅಧ್ಯಕ್ಷರನ್ನೇ ಬೈದರು. ಅವರು ಬೈಸಿಕೊಂಡರು. ಆದರೆ ಆ ಬೇಸಿಗೆ ಬಸ್ ನಿಲ್ದಾಣದ ಹೆಂಗಸರೆಲ್ಲ ನೀರು ಕುಡಿದರು.

ಅಧ್ಯಕ್ಷರ ಕಥೆ ಕೇಳಿ ನಗುತ್ತಿದ್ದೀರಿ. ನಗಿ, ಆದರೆ ನಿಮ್ಮ ಮನೆಯ ಶೋಕೇಸು ನೆನಪಿರಲಿ. ಅದರೊಳಗೆ ಹೂವಿನ ಚಿತ್ರದ ಕಪ್ಪುಗಳಿವೆಯಲ್ಲ, ಯಾರಿಗೆ? ಬರುವವರಿಗೆ. ಮಂಚದಡಿ ಮಡಿಸಿಟ್ಟ ಹೊಸ ಹೊದಿಕೆ ಯಾರಿಗೆ? ಬರುವವರಿಗೆ. ನಿಮ್ಮ ಬಾಯಲ್ಲಿ ಒಂದಿಷ್ಟು ಸಿಹಿ ಮಾತಿದೆ, “ಬನ್ನಿ, ಕೂತ್ಕೊಳ್ಳಿ, ದಣಿದಿರಬೇಕು” ಎನ್ನುವುದು. ಅದೂ ಬರುವವರಿಗೇ. ಮನೆಯವರಿಗೆ? ಸೊಟ್ಟಗಾದ ಲೋಟ, ಸೊಟ್ಟಗಾದ ಮಾತು. ಹಬ್ಬ ಹಬ್ಬಕ್ಕೂ ಆ ಕಪ್ಪುಗಳನ್ನು ಇಳಿಸಿ, ತೊಳೆದು, ಒರೆಸಿ ಮತ್ತೆ ಇಡುವ ಕೈ ಯಾರದು? ಆ ಕೈಗೆ ಒಮ್ಮೆಯಾದರೂ ಅದರಲ್ಲಿ ಕಾಫಿ ಕೊಟ್ಟಿದ್ದೀರಾ?

ನಾಳೆ ಬೆಳಗ್ಗೆ ಆ ಗಾಜಿನ ಬಾಗಿಲು ತೆಗೆಯಿರಿ. ನೀವೇ ಕಾಫಿ ಮಾಡಿ, ಒಳ್ಳೆಯ ಕಪ್ಪಿಗೆ ಹಾಕಿ, ಹೆಂಡತಿಯ ಕೈಗೆ ಕೊಡಿ. ಅವಳು ಗಾಬರಿಯಿಂದ ಸೆರಗು ಸರಿ ಮಾಡಿಕೊಂಡು, ಬಾಗಿಲ ಕಡೆ ನೋಡಿ, “ಯಾರ್ ಬಂದಿದಾರೆ?” ಎಂದು ಕೇಳುತ್ತಾಳೆ.

“ಯಾರೂ ಇಲ್ಲ, ಇದು ನಿನಗೇ” ಅನ್ನಿ.