ಬಾಗ್ಲು ತೆಗಿ, ಬೆಕ್ಕು ಬಂತು

ಅವನು ಮೊದಲ ಸಲ ಮನೆ ಬಿಟ್ಟದ್ದು ಒಂದು ಗುರುವಾರ, ಗಣಿತದ ಪರೀಕ್ಷೆಯ ದಿನ. ಪರೀಕ್ಷೆ ಇದ್ದದ್ದು ಬೆಳಿಗ್ಗೆ. ಅವನು ಹೊರಟಾಗ ಇನ್ನೂ ಕತ್ತಲು. ಅಲ್ಲಿಂದ ಮುಂದೆ ಅವನು ಬಿಟ್ಟು ಬಂದ ಊರು, ಕೆಲಸ, ಬಾಡಿಗೆ ಕೋಣೆಗಳಿಗೆ ಲೆಕ್ಕವಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಅಂತ ಅವನ ಅಕ್ಕ ಚಿಕ್ಕಂದಿನಿಂದಲೂ ಅನ್ನುತ್ತಿದ್ದಳು. ಕರೆಯುತ್ತಿದ್ದದ್ದೂ ಚಕ್ರ ಅಂತಲೇ. ಕೊನೆಗೆ ಅದೇ ಹೆಸರಾಯಿತು.

ನಮಗೆ ದೂರದ ಸಂಬಂಧ. ಈ ಕತೆ ನನಗೆ ಹೇಳಿದ್ದು ಅವನೇ. ಸುಳ್ಳೇ ಹೇಳದವನು ಅಂತ ನಾನು ಹೇಳುವುದಿಲ್ಲ. ಆದರೆ ಇಂಥದ್ದೊಂದನ್ನು ಕೂತು ಕಟ್ಟುವಷ್ಟು ತಾಳ್ಮೆ ಆ ಮನುಷ್ಯನಿಗಿಲ್ಲ.

ಅಕ್ಕ ತೀರಿಕೊಂಡು ಆಗಲೇ ಒಂದು ವರ್ಷ. ಅವನಿಗೆ ಸುದ್ದಿ ಮುಟ್ಟಿದ್ದೇ ತಡವಾಗಿ, ಬರುವುದು ಇನ್ನೂ ತಡವಾಯಿತು. ಭಾವ ಫೋನು ಮಾಡಿದ್ದರು. ಮನೆ ಖಾಲಿ ಮಾಡಿ ತಮ್ಮನ ಮನೆಗೆ ಹೋಗ್ತಿದ್ದೀನಿ, ನಿನ್ನ ಕ್ಯಾಸೆಟ್ಟಿನ ಡಬ್ಬ ಅಟ್ಟದ ಮೇಲಿದೆ, ಬಂದು ಒಯ್ಯಿ, ಇಲ್ಲದಿದ್ರೆ ಗುಜರಿಗೆ. ಅಷ್ಟೇ ಮಾತು.

ಕೊನೆಯ ಬಸ್ಸಿಳಿದು ನಡೆದು ಬಂದ. ಅಂಗಡಿಗಳ ಶಟರ್ ಎಳೆದಾಗಿತ್ತು. ಓಣಿ ತಿರುಗುವಲ್ಲಿ ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕ ದಾಟುವಾಗ ತಾನು ಶಿಳ್ಳೆ ಹಾಕುತ್ತಿದ್ದೇನೆ ಅಂತ ಅವನಿಗೆ ಗೊತ್ತಾಯಿತು. ಯಾವ ಹಾಡು ಅಂತಲೂ ಗೊತ್ತಾಯಿತು. ತಟ್ಟನೆ ನಿಲ್ಲಿಸಿದ.

ಶಿಳ್ಳೆ ನಿಲ್ಲಲಿಲ್ಲ... ಇನ್ನೊಂದು ಸಾಲು ಮುಂದುವರಿಯಿತು. ತೆಳ್ಳಗೆ. ಆಮೇಲೆ ನಿಂತಿತು.

ಬಾವಿಯೊಳಗಿನ ಮಾರ್ದನಿ ಅಂದುಕೊಂಡ. ಹೆಜ್ಜೆ ಬೇಗ ಹಾಕಿ, ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲು ಹತ್ತಿದ.

"ಬಂದ್ಯಾ? ಭೂಮಿ ಅಳೆದು ಮುಗೀತಾ?" ಭಾವ ಬಾಗಿಲಲ್ಲೇ ಕೇಳಿದರು.

"ಇನ್ನೂ ಸ್ವಲ್ಪ ಬಾಕಿ ಇದೆ, ಭಾವ."

"ಆಂ?"

"ಬಾಕಿ ಇದೆ ಅಂದೆ!" ಅಂತ ಕೂಗಿದ.

ಭಾವನ ಕಿವಿ ಮಂದ. ಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ ಜೀವಮಾನವೆಲ್ಲ ರಾತ್ರಿ ಪಾಳಿ ಮಾಡಿದವರು. ಯಂತ್ರದ ಗದ್ದಲ ಕಿವಿ ತಿಂದುಹಾಕಿತ್ತು. ಒಳಗೆ ಬಾ ಅಂದವರು ತಾವು ಮಾತ್ರ ಹೊರಗೆ ಬಂದರು. ಬಾಗಿಲಿನ ಹೊರಮೈಯನ್ನು ಮೇಲಿಂದ ಕೆಳಗೆ ಅಂಗೈಯಲ್ಲಿ ಸವರಿ ನೋಡಿದರು. ಅಲ್ಲಿ ಈಗ ಚಿಲಕವೇ ಇಲ್ಲ. ಭಾವನೇ ಕಿತ್ತೆಸೆದು ಎಷ್ಟೋ ಕಾಲವಾಯಿತು. ಮೊಳೆ ಹೊಡೆದಿದ್ದ ತೂತುಗಳಷ್ಟೇ ಉಳಿದಿದ್ದವು. ಆದರೂ ಸವರಿದರು.

ಚಕ್ರ ತಲೆ ತಗ್ಗಿಸಿದ. ಯಾಕೆ ಸವರುತ್ತಾರೆ ಅಂತ ಬದುಕಿರುವವರಲ್ಲಿ ಪೂರ್ತಿ ಗೊತ್ತಿದ್ದದ್ದು ಅವನೊಬ್ಬನಿಗೇ.

ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕ, ಭಾವ. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಕಿಟಕಿ ಪಕ್ಕ ಹೊಲಿಗೆ ಮೆಷಿನ್ನು, ಅದರ ಪಕ್ಕದ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರು. ಅದರಲ್ಲಿ ಹಗಲಿಡೀ ಇವನ ರಾಕ್ ಕ್ಯಾಸೆಟ್ಟುಗಳು. ಪಾಠ ತಲೆಗೆ ಹತ್ತದವನಿಗೆ ಯಾವ ಆಲ್ಬಮ್ಮಿನಲ್ಲಿ ಯಾವ ಹಾಡಿನ ಹಿಂದೆ ಯಾವ ಹಾಡು ಅನ್ನುವುದು ಮಾತ್ರ ಬಾಯಿಪಾಠ. ಅಕ್ಕ ಮೆಷಿನ್ನು ತುಳಿಯುತ್ತಾ ಅದಕ್ಕೆ ದನಿ ಸೇರಿಸುವಳು. ಇಂಗ್ಲಿಷ್ ಬರದು. ಕಿವಿಗೆ ಬಿದ್ದದ್ದನ್ನು ಕನ್ನಡ ಮಾಡಿಕೊಂಡಿದ್ದಳು. ಒಂದು ಹಾಡು 'ಗೋಡೆ ಮೇಲೆ ಗೂಬೆ ಮಾವ'. ಇನ್ನೊಂದು 'ಉಪ್ಪು ಸಾಕೋ ಬೇಕೋ ಹೇಳು'. ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಹಾಡಿನಲ್ಲಿ ಡ್ರಮ್ಮು ಗಿಟಾರು ಎಲ್ಲ ನಿಂತು ಹಾಡುಗಾರ ಒಬ್ಬನೇ ಗಂಟಲು ಹರಿದು ಕಿರುಚುವ ಜಾಗ ಇತ್ತು. ಅಲ್ಲಿ ಅವಳೂ ಕತ್ತರಿ ಎತ್ತಿ ಹಿಡಿದು ಕಿರುಚುವಳು: "ಬಾಗ್ಲು ತೆಗಿ... ಬೆಕ್ಕು ಬಂತು!"

"ಅಕ್ಕಾ, ಅವನು ಬೆಕ್ಕಿನ ವಿಷಯ ಹಾಡ್ತಿಲ್ಲ."

"ಮತ್ತೆ ಏನು ಹಾಡ್ತಿದ್ದಾನೆ? ಹೇಳೋ ಪಂಡಿತ."

"ನನಗೂ ಗೊತ್ತಿಲ್ಲ. ಬೆಕ್ಕಂತೂ ಅಲ್ಲ."

"ಗೊತ್ತಿಲ್ಲದವನು ಸುಮ್ನಿರು. ಪಾಪ, ಹೊರಗೆ ನಿಂತಿದೆ ಬೆಕ್ಕು."

ಪರೀಕ್ಷೆಯ ಹಿಂದಿನ ಸಂಜೆ ಗೆಳೆಯನ ಮನೆಯಲ್ಲಿ ಓದುತ್ತೇನೆ ಅಂತ ಹೇಳಿ ಹೊರಟ. ಭಾವ ಪಾಳಿಗೆ ಹೋದರು. ಅಕ್ಕ ಒಬ್ಬಳೇ. ತುಂಬಿದ ಬಸುರಿ. ನಡುರಾತ್ರಿ ದಾಟಿದ ಮೇಲೆ ಅವನು ಕಳ್ಳನ ಹಾಗೆ ವಾಪಸ್ಸು ಬಂದು, ಭಾವನಿಗಾಗಿ ಒಳಚಿಲಕ ಹಾಕದೆ ಬಿಟ್ಟಿದ್ದ ಬಾಗಿಲು ತಳ್ಳಿ, ಚೀಲ ಎತ್ತಿಕೊಂಡ. ಅಕ್ಕನಿಗೆ ಎಚ್ಚರವಾಯಿತು. "ಎಲ್ಲಿಗೋ?" ಅಂದಳು. ಹಿಂದೆ ಓಡಿ ಬಂದಾಳು ಅಂತ ಅವನು ಹೊರಗಿಂದ ಚಿಲಕ ಎಳೆದ. ಸರಕ್... ಠಕ್. ಬಾವಿ ಹತ್ತಿರ ಬರುವಾಗ ಮೇಲಿಂದ ಕೂಗು ಕೇಳಿತು. ಬಾಗ್ಲು ತೆಗಿ... ಏನೋ ಬಂತು...

ಅಕ್ಕ ತಮಾಷೆಗೆ ಹಾಡುತ್ತಿದ್ದಾಳೆ ಅಂದುಕೊಂಡ. ಹಾಗೆ ಅಂದುಕೊಂಡರೆ ಕಾಲು ಮುಂದೆ ಹೋಗುತ್ತಿತ್ತು. ಹೋದ.

ಕೆಳಗಿನದ್ದು ಅಂಗಡಿ, ರಾತ್ರಿ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಬೆಳಿಗ್ಗೆ ಭಾವ ಪಾಳಿ ಮುಗಿಸಿ ಬಂದು ಚಿಲಕ ತೆಗೆದಾಗ ಅಕ್ಕ ಬಾಗಿಲಿಗೆ ಒರಗಿ ಬಿದ್ದಿದ್ದಳು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ಮುಂದೆ ಮಕ್ಕಳೂ ಆಗಲಿಲ್ಲ.

ಇದೆಲ್ಲ ಅವನಿಗೆ ಗೊತ್ತಾದದ್ದು ಎರಡು ವರ್ಷ ಕಳೆದು ಮನೆಗೆ ಬಂದಾಗ. ಅಡುಗೆಮನೆಯಲ್ಲಿ ಅಕ್ಕ ಪಿಸುಗುಟ್ಟಿದಳು: "ನೀನು ಬಂದಿದ್ದೆ ಅಂತ ನಾನು ಹೇಳಿಲ್ಲ. ಮುದ್ರಣಾಲಯದಲ್ಲಿ ದಿನಾ ಕಾಗದದ ಕೋಣೆಗೆ ಚಿಲಕ ಹಾಕಿ ಹಾಕಿ ಕೈಗೆ ಅಭ್ಯಾಸ, ಮರೆತು ಇಲ್ಲೂ ತಾವೇ ಹಾಕಿಬಿಟ್ಟಿದ್ದು ಅಂದ್ಕೊಂಡಿದ್ದಾರೆ ನಿನ್ನ ಭಾವ. ಅಂದ್ಕೊಳ್ಳಲಿ ಬಿಡು."

"ಅಕ್ಕಾ, ನಾನೇ ಹೇಳ್ತೀನಿ..."

"ಬಾಯಿ ಮುಚ್ಚು. ಅವರು ಗಂಡ, ಏನಾದ್ರೂ ಎಲ್ಲಿಗೂ ಹೋಗಲ್ಲ. ನೀನು ಹೋದ್ರೆ ಹೋದೆ."

ಅವನು ಬಾಯಿ ಮುಚ್ಚಿದ. ಅಕ್ಕ ಇರುವವರೆಗೆ ಅವಳ ಮಾತು ಅಂತ ಒಂದು ನೆಪವಿತ್ತು. ಈಗ ಅದೂ ಇಲ್ಲ. ಬೆಳಗಾದರೆ ಭಾವ ತಮ್ಮನ ಮನೆಗೆ, ಇವನು ಇನ್ನೆಲ್ಲಿಗೋ. ಹೇಳುವುದಿದ್ದರೆ ಈ ರಾತ್ರಿ ಹೇಳಬೇಕು.

ಊಟಕ್ಕೆ ಕೂತಾಗ ಹೇಳಲು ನೋಡಿದ. "ಭಾವ, ಆವತ್ತು..." ಅಂದ.

"ಆಂ?"

"...ಏನಿಲ್ಲ. ಮೊಸರು ಹಾಕಿ ಅಂದೆ!"

ಭಾವ ಹಾಕಿದರು. ಕೈ ತೊಳೆದು ಒಳಕೋಣೆಗೆ ಹೋಗಿ ಮಲಗಿದರು. ಇವನು ಅಟ್ಟದಿಂದ ಡಬ್ಬ ಇಳಿಸಿದ.

ಇಷ್ಟು ವರ್ಷ ಅವನು ಆ ಹಾಡುಗಳನ್ನು ಕೇಳಿರಲಿಲ್ಲ. ಚಹಾದಂಗಡಿಯಲ್ಲೋ ಲಾರಿಯಲ್ಲೋ ಶುರುವಾದರೆ ಎದ್ದು ಹೋಗುತ್ತಿದ್ದ. ಹಾಗೆ ಎದ್ದು ಹೋಗಿ ಎರಡು ಕೆಲಸ ಕಳಕೊಂಡಿದ್ದ. ಈಗ ಧೂಳು ಊದಿ ಒಂದೊಂದೇ ಕ್ಯಾಸೆಟ್ಟು ತೆಗೆದ. ನೀರಲ್ಲಿ ಮುಳುಗಿದ ಪಿಯಾನೋ ಚಿತ್ರದ್ದು. ಕೂದಲು ಬಿಟ್ಟ ನಾಲ್ವರು ಬೆನ್ನು ತಿರುಗಿಸಿ ನಿಂತದ್ದು. ಸಡಿಲಾದ ಸುರುಳಿಯನ್ನು ಪೆನ್ಸಿಲ್ ತೂರಿಸಿ ಬಿಗಿ ಮಾಡಿದ. ಟೇಪ್ ರೆಕಾರ್ಡರು ಅದೇ ಸ್ಟೂಲಿನ ಮೇಲಿತ್ತು, ಅಕ್ಕ ಹೊಲಿದ ಮುಸುಕಿನ ಕೆಳಗೆ. ಆವತ್ತಿನಿಂದ ಅವಳು ಅದನ್ನು ಮುಟ್ಟಿರಲಿಲ್ಲವಂತೆ. ವೈರು ಸಿಕ್ಕಿಸಿದ. ಕೆಂಪು ದೀಪ ಹತ್ತಿತು! ಭಾವನಿಗೆ ಹೇಗೂ ಕೇಳಿಸದು. ಗುಂಡಿ ಒತ್ತಿದ.

ಟಕ್. ಸುಯ್ಯ್... ಆಮೇಲೆ ಡ್ರಮ್ಮು.

ಅವನಿಗೆ ಮೈ ಜುಮ್ಮೆಂದಿತು. ಒಂದೂ ಮರೆತಿರಲಿಲ್ಲ. ಒಂದು ಹಾಡು ಮುಗಿದು ಮುಂದಿನದು ಶುರುವಾಗುವ ಮೊದಲೇ ಅದರ ಮೊದಲ ಪೆಟ್ಟು ತೊಡೆಯ ಮೇಲೆ ತಾನಾಗಿ ಬೀಳುತ್ತಿತ್ತು. ಗಿಟಾರು ಅಳುವ ಕಡೆ ಅತ್ತಿತು, ಬೊಗಳುವ ಕಡೆ ಬೊಗಳಿತು. ಬೇಸ್ ಗಿಟಾರಿನ ಗುಂ ಗುಂ ಸ್ಟೂಲಿನ ಕಾಲಿಂದ ನೆಲಕ್ಕಿಳಿದು ಅವನ ಅಂಗಾಲಿಗೆ ಬಂತು. ಹದಿನಾರರ ಹುಡುಗನಾಗಿ ಕೂತಿದ್ದ. ಗೂಬೆ ಮಾವ ಬಂದಾಗ ಒಬ್ಬನೇ ನಕ್ಕೂಬಿಟ್ಟ. ನಕ್ಕದ್ದಕ್ಕೆ ನಾಚಿಕೆಯಾಯಿತು. ಈ ಸುಖಕ್ಕೆ ನನಗೇನು ಹಕ್ಕಿದೆ ಅನ್ನಿಸಿತು. ಆದರೂ ನಿಲ್ಲಿಸಲಿಲ್ಲ.

ಆ ಬೆಕ್ಕಿನ ಹಾಡು ಇದ್ದ ಕ್ಯಾಸೆಟ್ಟನ್ನು ಡಬ್ಬದ ತಳಕ್ಕೆ ತಳ್ಳಿದ್ದ. ಪಿಯಾನೋದ್ದು ಮುಗಿಯಿತು. ತೆಗೆದು ನಾಲ್ವರದ್ದು ಹಾಕಿದ, ಖಂಡಿತ ಅದನ್ನೇ ಹಾಕಿದ... ಮೊಳಗಿದ್ದು ಆ ಹಾಡು.

ನಿಲ್ಲಿಸೋಣ ಅಂತ ಕೈ ಚಾಚಿದ. ಅಷ್ಟರಲ್ಲಿ ಡ್ರಮ್ಮು ನಿಂತಿತು. ಗಿಟಾರು ನಿಂತಿತು. ಆ ಪರದೇಶಿ ಹಾಡುಗಾರ, ಅದೇ ಹರಿದ ಗಂಟಲಲ್ಲಿ, ಸ್ಪಷ್ಟ ಕನ್ನಡದಲ್ಲಿ ಕಿರುಚಿದ: ಬಾಗ್ಲು ತೆಗಿ... ಬೆಕ್ಕು ಬಂತು.

ನಿಲ್ಲಿಸುವ ಗುಂಡಿ ಒತ್ತಿದ. ಅದು ಒಳಗೆ ಹೋಯಿತು. ಹಾಡು ನಿಲ್ಲಲಿಲ್ಲ. ವೈರು ಕಿತ್ತ. ಕೆಂಪು ದೀಪ ಆರಿತು. ಹಾಡು ನಿಲ್ಲಲಿಲ್ಲ.

ಎರಡನೇ ಸಲ ಬಂದಾಗ ಗಂಡಸಿನ ಗಂಟಲು ಸಣ್ಣದಾಗಿತ್ತು. ಬಾಗ್ಲು ತೆಗಿ... ಹಿಂದಿನಿಂದ ಯಾರೋ ಮರಕ್ಕೆ ಅಂಗೈ ಬಡಿಯುವ ಸದ್ದು. ಧಪ್... ಧಪ್... ಡ್ರಮ್ಮಲ್ಲ ಅದು.

ಮೂರನೇ ಸಲ ಅಕ್ಕನೇ.

"ಬಾಗ್ಲು ತೆಗಿಯೋ, ಚಕ್ರ... ನೋವು ಬಂತು..."

ಬೆಕ್ಕು ಅಲ್ಲ. ಆವತ್ತೂ ಬೆಕ್ಕಾಗಿರಲಿಲ್ಲ.

"ಯಾರದು?"

ತಿರುಗಿ ನೋಡಿದ. ಒಳಕೋಣೆಯ ಬಾಗಿಲಲ್ಲಿ ಭಾವ ನಿಂತಿದ್ದರು.

"ಹಾಡು, ಭಾವ..." ಅಂದ. ಪಿಸುಮಾತಷ್ಟೇ ಹೊರಟಿತು.

"ಹಾಡಲ್ಲ." ಭಾವನಿಗೆ ಪಿಸುಮಾತು ಕೇಳಿಸಿತ್ತು. ಅವರೂ ಪಿಸುಗುಟ್ಟಿದರು. "ಅವಳ ದನಿ ನನಗೆ ಗೊತ್ತಾಗಲ್ವಾ? ಆದ್ರೆ... ನಿನ್ನ ಹೆಸರು ಯಾಕೆ ಕರೀತಿದ್ದಾಳೆ? ಆವತ್ತು ನೀನು ಇರಲಿಲ್ವಲ್ಲ."

ಟೇಪಿನಲ್ಲಿ ಈಗ ಹಾಡಿಲ್ಲ. ಬರೀ ಸುಯ್ಯ್... ಬಾಗಿಲ ಆಚೆ ಯಾರೋ ಉಸಿರು ಹಿಡಿದು ನಿಂತ ಹಾಗೆ.

"ಇದ್ದೆ," ಅಂದ ಚಕ್ರ. "ಚೀಲ ಒಯ್ಯೋಕೆ ಬಂದಿದ್ದೆ. ಚಿಲಕ ಹಾಕಿದ್ದು ನೀವಲ್ಲ ಭಾವ. ನಾನು."

ಟಕ್. ಗುಂಡಿ ತಾನಾಗಿ ಮೇಲೆ ಬಂತು.

ಭಾವ ಗೋಡೆ ಹಿಡಿದು ನೆಲದ ಮೇಲೆ ಕೂತರು. ತಮ್ಮ ಬಲಗೈಯನ್ನೇ ನೋಡಿದರು, ಬೇರೆ ಯಾರದೋ ಕೈ ಅನ್ನುವ ಹಾಗೆ.

"ನಾನಲ್ಲ..." ಅಂದರು. ಮತ್ತೆ, "ನಾನಲ್ಲ." ಆಮೇಲೆ, "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ... ಮಗೂನ ಕೊಂದವನು ಅಂತ ಒಂದು ದಿನ ಅವಳ ಮುಖ ನೆಟ್ಟಗೆ ನೋಡಿ ಊಟ ಮಾಡಿಲ್ಲ ಕಣೋ ನಾನು. ಅವಳು ಸಾಯೋವಾಗಲೂ ಕಾಲ ಕಡೆ ಕೂತಿದ್ದೆ."

"ಹೊಡೀರಿ, ಭಾವ."

"ಹೊಡೆದ್ರೆ ನಿನಗೆ ಹಗುರ ಆಗುತ್ತೆ. ಹೊಡೆಯಲ್ಲ." ಎದ್ದು ನಿಂತರು. "ಬೆಳಕು ಹರಿಯೋದರೊಳಗೆ ಹೋಗು. ಹೋಗೋದು ನಿನಗೆ ಗೊತ್ತಿರೋ ಕೆಲಸ ತಾನೇ."

ಅವನು ಚೀಲ ತುಂಬತೊಡಗಿದ. ಅಂಗಿ, ಟವೆಲು, ಕಾಗದದಲ್ಲಿ ಸುತ್ತಿದ ಚಪ್ಪಲಿ. ಡಬ್ಬವನ್ನು ಮೂಲೆಗೆ ಸರಿಸಿದ್ದು ನೋಡಿ ಭಾವ, "ಅದನ್ನೂ ಒಯ್ಯಿ," ಅಂದರು. ಟೇಪ್ ರೆಕಾರ್ಡರಿನ ಕಡೆ ಕೈ ತೋರಿಸಿ, "ಒಳಗಿರೋದೊಂದು ಬಿಟ್ಟು ಹೋಗು. ತೆಗೆದು ನನ್ನ ಕೈಗೆ ಕೊಡು."

ಮುಚ್ಚಳ ತೆಗೆದ. ಕ್ಯಾಸೆಟ್ಟು ಹೊರಗೆ ಬರಲಿಲ್ಲ. ಎಳೆದ, ಬರಲಿಲ್ಲ. ಎಲ್ಲೆಲ್ಲೋ ರೇಡಿಯೋ ರಿಪೇರಿ ಮಾಡಿ ಬದುಕಿದವನ ಚೀಲದಲ್ಲಿ ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ಭಾವ ಟಾರ್ಚು ಹಿಡಿದರು. ಹಿಂಬದಿಯ ಮುಚ್ಚಳ ಬಿಚ್ಚಿದ.

ಮೋಟರಿನಿಂದ ಸುರುಳಿ ತಿರುಗಿಸಲು ಒಂದು ರಬ್ಬರ್ ಬೆಲ್ಟ್ ಇರುತ್ತದೆ. ಅದಿಲ್ಲದೆ ಯಾವ ಟೇಪೂ ತಿರುಗದು. ಆ ಬೆಲ್ಟ್ ಕರಗಿ ಡಾಂಬರಿನ ಹಾಗೆ ತಳಕ್ಕೆ ಸುರಿದು ಗಟ್ಟಿಯಾಗಿತ್ತು. ಅದರ ಮೇಲೆ ವರ್ಷಗಟ್ಟಲೆಯ ಧೂಳು, ಒಂದು ಗೆರೆಯೂ ಕದಡದ ಧೂಳು. ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬೆರಳಲ್ಲಿ ನೂಕಿದ. ಅಲ್ಲಾಡಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಚೀಲದ ಜಿಪ್ ಎಳೆದ. ಭಾವ ಟಾರ್ಚು ಆರಿಸಲಿಲ್ಲ.

ಇದು ಚಕ್ರ ಹೇಳಿದ್ದು. ಆಮೇಲೆ ನಾನು ಭಾವನನ್ನೂ ಕೇಳಿದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಮ್ಮನ ಮನೆಯ ಕಪಾಟಿನಿಂದ ಆ ಟೇಪ್ ರೆಕಾರ್ಡರನ್ನು ಇಳಿಸಿ, ಮುಚ್ಚಳವಿಲ್ಲದ ಅದರ ಬೆನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಬೆಲ್ಟ್ ಇಲ್ಲ.