ತಂಗಿಯ ಬಳೆಶಾಸ್ತ್ರ

ಪುತ್ತೂರಿನ ಚರ್ಮದ ಡಾಕ್ಟರರಲ್ಲಿ ಚನಿಯಪ್ಪಜ್ಜ ತನ್ನ ಸರದಿ ಕಾಯುತ್ತಿದ್ದ. ಅದೇ ಬೆಂಚಿನಲ್ಲಿ ಸೋರಿಯಾಸಿಸ್‌ಗೆ ಮದ್ದು ಮಾಡಿಸುವ ಇಬ್ಬರು ಹೆಂಗಸರು, ಸುಳ್ಯದ ಕಮಲಾವತಿ ಮತ್ತು ಫಸೀಲಾ, ಮಾತಿಗೆ ಕೂತಿದ್ದರು; ಅಜ್ಜನಿಗೆ ಎಲ್ಲ ಕೇಳುತ್ತಿತ್ತು.

“ಕಮಲಕ್ಕ, ನಾನು ಮಾತಾಡಿದ ಆ ವೀಡಿಯೋವನ್ನು ನೆಟ್ಟಿನಿಂದ ತೆಗೆಸ್ಲಿಕ್ಕೆ ಆಗ್ತದಾ?”

“ಎಂತಕ್ಕೆ? ಇಡೀ ಲೋಕದ ಸೋರಿಯಾಸಿಸ್ ರೋಗಿಗಳ ಸಂಘದವರು ಹಾಕಿದ್ದು ಮಾರಾಯ್ತಿ. ಇದು ಅಂಟುದಿಲ್ಲ, ಮುಚ್ಚಿಡ್ಬೇಡಿ ಅಂತ ಎಷ್ಟು ಚಂದ ಹೇಳಿದ್ದಿ. ಯಾವ್ಯಾವ ದೇಶದವರೋ ನೋಡಿದ್ದಾರೆ.”

“ಕಲ್ಲುಗುಂಡಿಯವರೂ ನೋಡಿದ್ದಾರೆ. ತಂಗಿಯ ಗಂಡಿನ ಮನೆಯವರು.”

“ಎಂತ ಹೇಳಿದ್ರು?”

“ಎಂತದೂ ಹೇಳ್ಲಿಲ್ಲ. ಶುಕ್ರವಾರ ಅವಳಿಗೆ ನಿಶ್ಚಯದ ಬಳೆ ಹಾಕ್ಲಿಕ್ಕೆ ಬರುದು ಅಂತ ಮೊದಲೇ ಆಗಿತ್ತು.”

“ಬರ್ತಾರೆ. ಬಳೆ ಹಾಕುದು ನಿನ್ನ ಕೈಗಾ?”

ಅಷ್ಟರಲ್ಲಿ ಮನೆಯಿಂದ ತಾಯಿಯ ಫೋನು ಬಂತು. ಫಸೀಲಾ ಕೇಳಿ ಫೋನು ಇಟ್ಟಳು.

“ಉಮ್ಮ ಮಾಡಿದ್ದು. ಗಂಡಿನ ಕಡೆಯವರು ಇವತ್ತೇ ಬಂದಿದ್ದಾರಂತೆ, ನಾಲ್ಕು ಹೆಂಗಸರು.”

“ಒಳ್ಳೇದಾಯ್ತಲ್ಲ. ಬಳೆ ತಂದಿದ್ದಾರಾ?”

“ಇಲ್ಲ. ತಂಗಿಯನ್ನು ಕೋಣೆಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ದಾರಂತೆ. ಉಮ್ಮನನ್ನು ಹೊರಗೆ ನಿಲ್ಲಿಸಿದ್ದಾರೆ.”

“ನೋಡ್ಲಿ ಬಿಡು. ಅವಳ ಮೈಯಲ್ಲಿ ಎಂತ ಉಂಟು?”

ಫಸೀಲಾ ಸ್ವರ ತಗ್ಗಿಸಿದಳು.

“ಹೋದ ತಿಂಗಳು ಬೆನ್ನಲ್ಲಿ ನಂದೇ ತರದ ಒಂದು ಕಲೆ ಎದ್ದಿದೆ ಅಕ್ಕ. ಯಾರಿಗೂ ಹೇಳ್ಬೇಡ ಅಂತ ನಾನೇ ಅವಳಿಗೆ ಹೇಳಿದ್ದು.”

ಕಮಲಾವತಿ ಫಸೀಲಾಳ ಕೈ ಹಿಡಿದು ಎಬ್ಬಿಸಿದಳು. ಸರದಿಯ ಟೋಕನ್ನನ್ನು ಬೆಂಚಿನಲ್ಲೇ ಬಿಟ್ಟು ಇಬ್ಬರೂ ಫಸೀಲಾಳ ಮನೆಗೆಂದು ಮೆಟ್ಟಿಲಿಳಿದು ಹೋದರು.